ಡಿಕ್ಕಿಯ ಭಾರ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನನ್ನ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಎಂಜಿನ್ನಿನ ಬಲವೆಲ್ಲ ಹಿಂದಿನ ಗಾಲಿಗಳಿಗೇ ಹೋಗುತ್ತಿತ್ತು. ಮಳೆಯಲ್ಲಿ ತಿರುವು ಬಂದರೆ ಹಿಂಭಾಗ ಜಾರುತ್ತಿತ್ತು. ಅದಕ್ಕೇ ಮಳೆಗಾಲದಲ್ಲಿ ಭಾರಕ್ಕೆಂದು ಡಿಕ್ಕಿಯೊಳಗೆ ಎರಡು ಉಸುಕಿನ ಚೀಲ ಇಡುತ್ತಿದ್ದೆ. ಆ ಬೆಳಿಗ್ಗೆ ಚೀಲಗಳು ಹರಿದಿದ್ದವು. ಚಿಂಬಲ್ ಬಸ್ ಸ್ಟಾಪಿನಲ್ಲಿ ನಮ್ಮ ಕಾರ್ಖಾನೆಯ ಕೂಲಿ ಹೊಳೆಪ್ಪ ತೊಯ್ದು ನಿಂತಿದ್ದ. ಸೀಟು ಒದ್ದೆಯಾದೀತೆಂದು ಅವನನ್ನು ಡಿಕ್ಕಿಗೆ ಹತ್ತಿಸಿದೆ.

“ಸಾಹೇಬ್ರ, ಉಸುರ ಕಟ್ಟಿದ್ರ ಏನ್ ಮಾಡ್ಲಿರಿ?”

“ಒಳಗಿಂದ ಬಡಿ, ನಿಲ್ಲಸ್ತೇನಿ.”

ಮೂರು ಸಲ ಬಡಿದ. ಕಾರು ಒಂದಿಷ್ಟೂ ಜಾರದೆ ಓಡುತ್ತಿತ್ತು, ನಾನು ನಿಲ್ಲಿಸಲಿಲ್ಲ. ಕುಂಡಯಿಯ ಕಾರ್ಖಾನೆಯಲ್ಲಿ ಡಿಕ್ಕಿ ತೆಗೆದರೆ ಸೈಲೆನ್ಸರಿನ ಹೊಗೆ ಬಂತು. ಅವನಿಗೆ ಉಸಿರಿರಲಿಲ್ಲ. ನನಗೆ ಗೊತ್ತಿಲ್ಲದಂತೆ ಹತ್ತಿ ಮಲಗಿದ್ದನೆಂದು ಹೇಳಿದೆ. ಎಲ್ಲರೂ ನಂಬಿದರು.

ಆಮೇಲೆ ಡಿಕ್ಕಿ ಖಾಲಿಯಿದ್ದರೂ ಕಾರು ಜಾರಲಿಲ್ಲ. ಹಿಂಭಾಗ ಮೂರು ಬೆರಳು ಕುಗ್ಗಿಯೇ ಇತ್ತು. ಸ್ಪ್ರಿಂಗ್ ಬದಲಿಸಿದೆ, ಮತ್ತೆ ಕುಗ್ಗಿತು. ಡಿಕ್ಕಿಯ ಒಳಗೆ ಕೈಯಿಟ್ಟರೆ ತಗಡು ಮೈಯಷ್ಟು ಬೆಚ್ಚಗಿರುತ್ತಿತ್ತು. ಕಾರವಾರದ ದಿನಕರನಿಗೆ ಮಾರಿಬಿಟ್ಟೆ.

ಮೊನ್ನೆ ಅವನ ಫೋನ್ ಬಂತು. “ಎಂಥಾ ಗಾಡಿ ಕೊಟ್ರಿ ಮಾರಾಯ್ರೆ, ಮಳೆಗೆ ಹಿಂದೆ ಸಿಕ್ಕಾಪಟ್ಟೆ ಜಾರ್ತದೆ!”

ಕಿಟಕಿಯಿಂದ ನನ್ನ ಹೊಸ ಕಾರನ್ನು ನೋಡಿದೆ. ಅದು ಅಂಗಳದಲ್ಲಿ ಖಾಲಿ ನಿಂತಿತ್ತು. ಹಿಂಭಾಗ ಮೂರು ಬೆರಳು ಕುಗ್ಗಿತ್ತು.