ಮುಂದಿನ ಸೀಟಿನ ಚೀಲ

ಉಮರ್ಗಾದ ಜೀಪ್ ಸ್ಟ್ಯಾಂಡಿನಲ್ಲಿ, ದಿಗಂಬರನ ಹಳೆಯ ಗೆಳೆಯರೆಲ್ಲ ನೋಡುತ್ತಿರುವಾಗಲೇ, ಅಣ್ಣ ಬಸವಣ್ಣೆಪ್ಪ ತನ್ನ ಬಿಳಿ ಕಾರಿನ ಮುಂದಿನ ಸೀಟಿನಲ್ಲಿ ತುಂಬಿದ ತೊಗರಿ ಚೀಲ ಕೂರಿಸಿದ. ಆಮೇಲೆ ತಮ್ಮ ದಿಗಂಬರನ ಕಡೆ ತಿರುಗಿ, "ನೀ ಹಿಂದ ಕುಂದ್ರೋ" ಅಂದ. ಪಾನ್ ಅಂಗಡಿಯ ಹತ್ತಿರ ನಿಂತಿದ್ದ ಡ್ರೈವರೊಬ್ಬ ಕಿಸಕ್ಕನೆ ನಕ್ಕ. ತಮ್ಮೂರು ಸಾಸ್ತೂರ ಮುಟ್ಟುವ ತನಕ ದಿಗಂಬರ ಆ ಚೀಲದ ಬೆನ್ನನ್ನೇ ನೋಡುತ್ತ ಕೂತಿದ್ದ. ಅಣ್ಣನನ್ನು ಕೊಲ್ಲಬೇಕೆಂದು ಅವನು ತೀರ್ಮಾನಿಸಿದ್ದು ಆ ದಾರಿಯಲ್ಲಿ.

ಬೇರೆ ಯಾರಿಗಾದರೂ ಇದು ಹೊಟ್ಟೆಗೆ ಹಾಕಿಕೊಳ್ಳುವ ಮಾತು. ಆದರೆ ದಿಗಂಬರ ಉಮರ್ಗಾ ನಿಲಂಗಾ ನಡುವೆ ವರ್ಷಗಟ್ಟಲೆ ಸ್ವಂತ ಜೀಪು ಓಡಿಸಿದವನು. ಜೀಪಿನಲ್ಲಿ ಮುಂದಿನ ಸೀಟು ಎಂದರೆ ಮರ್ಯಾದೆ. ಪಾಟೀಲರು, ಮಾಸ್ತರರು, ಬಸುರಿ ಹೆಂಗಸರು ಮುಂದೆ. ಚೀಲ, ಆಡು, ಕೋಳಿಬುಟ್ಟಿ, ಕುಡಿದು ತೂರಾಡುವವರು ಹಿಂದೆ. ಯಾರು ಎಲ್ಲಿ ಕೂರಬೇಕೆಂದು ಬೆರಳು ತೋರಿಸಿ ಹೇಳುತ್ತಿದ್ದವನು ಅವನೇ. ಸ್ಟ್ಯಾಂಡಿನ ಒಬ್ಬೊಬ್ಬನಿಗೂ ಆ ಲೆಕ್ಕ ಗೊತ್ತಿತ್ತು.

ಊರನ್ನೇ ನೆಲಸಮ ಮಾಡಿದ ಭೂಕಂಪದ ಬೆಳಗಿನ ಜಾವ ಅವನು ಉದಗೀರದ ಸ್ಟ್ಯಾಂಡಿನಲ್ಲಿ, ಜೀಪಿನೊಳಗೆ ಕಾಲು ಮಡಚಿ ಮಲಗಿದ್ದ. ಸಾಸ್ತೂರದ ಮನೆಯ ಕಲ್ಲಿನ ಗೋಡೆ ಹೆಂಡತಿ ಸಾರಿಕಾಳ ಮೇಲೆ, ಮಗಳ ಮೇಲೆ ಬಿತ್ತು. ಆಮೇಲೆ ಅವನು ಕುಡಿದ, ಕುಡಿದು ಓಡಿಸಿದ, ಒಮ್ಮೆ ತುರೋರಿಯ ಹತ್ತಿರ ಜೀಪನ್ನು ತೆಗ್ಗಿಗೆ ಇಳಿಸಿದ. ಅಣ್ಣ ಚಾವಿ ಕಸಿದುಕೊಂಡ. "ಗಾಡಿ ಕೊಟ್ಟರ ನೀ ಸಾಯ್ತಿ" ಎಂದು ಜೀಪು ಮಾರಿದ, ತನ್ನ ಕಾಳಿನ ಅಡತಿ ಅಂಗಡಿಯಲ್ಲಿ ಚೀಲ ಹೊಲಿಯಲು ಕೂರಿಸಿದ. ಸಾಯಬೇಕೆಂದೇ ಇದ್ದವನಿಗೆ ಆ ದಾರಿಯೂ ಹೋಯಿತು. ಅಣ್ಣನ ಹೊಲ, ಅಂಗಡಿ ಯಾವುದೂ ದಿಗಂಬರನಿಗೆ ಬೇಕಿರಲಿಲ್ಲ. ತನ್ನನ್ನು ಹಿಂದೆ ಕೂರಿಸುವ ಆ ಮನುಷ್ಯ ಇರಬಾರದಿತ್ತು, ಅಷ್ಟೇ.

ಅಣ್ಣನ ಹೊಲದ ಪಕ್ಕದಲ್ಲೇ ಕೆರೆ. ಏರಿಯ ನೆತ್ತಿ ದಾಟಿದರೆ ಆಚೆ ಕಡಿದಾದ ಇಳಿಜಾರು, ಅದರ ಬುಡಕ್ಕೆ ಆಳದ ನೀರು. ಏರಿ ಹತ್ತಲು ಎತ್ತಿನ ಗಾಡಿಗಳು ಮಾಡಿಟ್ಟ ನೇರ ಜಾಡು ಇತ್ತು; ಅದರಲ್ಲಿ ಗಾಲಿ ಕೂತರೆ ಸ್ಟೀರಿಂಗ್ ಹಿಡಿಯುವ ಕೈ ಬೇಕಾಗಿಲ್ಲ. ಈಗ ಕುಡಿಯುವುದಿಲ್ಲವೆಂದು ನಂಬಿ, ಕಾರು ತೊಳೆದುಕೊಂಡು ಬಾ ಎಂದು ಅಣ್ಣ ಕಳಿಸಿದ ದಿನ ಅವನು ಏರಿ ಹತ್ತಿಸಿ ಪರೀಕ್ಷೆ ಮಾಡಿದ. ಎರಡನೇ ಗೇರಿನಲ್ಲಿ ದಮ್ಮು ಸಾಲದೆ ಎಂಜಿನ್ ಬಂದ್ ಆಯಿತು. ಒಂದನೇ ಗೇರಿನಲ್ಲಿ ಹತ್ತಿತು, ಆದರೆ ನೆತ್ತಿಯ ಹತ್ತಿರ ಹಸಿ ಹುಲ್ಲಿನ ಮೇಲೆ ಗಾಲಿ ಒಂದಿಷ್ಟು ಜಾರಿತು. ದಿಗಂಬರನಿಗೆ ನಗು ಬಂತು. ಹಿಂದೆ ವಜ್ಜೆ ಇಲ್ಲದ, ಭಾರ ಬೀಳದ ಗಾಡಿ ಜಾರದೆ ಏನು ಮಾಡೀತು? ಮಳೆಗಾಲದಲ್ಲಿ ಪ್ಯಾಸೆಂಜರ್ ಸಿಗದ ದಿನ ಅವನು ಜೀಪಿನ ಹಿಂಭಾಗಕ್ಕೆ ಮರಳ ಚೀಲ ಹೇರಿಕೊಂಡೇ ನಿಲಂಗಾದ ಏರು ಹತ್ತಿಸುತ್ತಿದ್ದ. ಚೀಲ ಬಿದ್ದ ಮೇಲೆ ಗಾಲಿ ನೆಲ ಕಚ್ಚುತ್ತಿತ್ತು. ಅಡತಿಯಲ್ಲಿ ಕೂತು ಎಣಿಸುವ ಅಣ್ಣನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು.

ಆದ್ದರಿಂದ ಕಲ್ಲು. ಹಳೇ ಊರಿನ ಬಿದ್ದ ಗೋಡೆಗಳ ಕಲ್ಲನ್ನು ಎಲ್ಲರೂ ಒಯ್ಯುತ್ತಾರೆ, ಅಣ್ಣನೂ ಬಾವಿಕಟ್ಟೆಗೆ ಬೇಕೆನ್ನುತ್ತಿದ್ದ. ಕಲ್ಲು ಹಿಂದೆ ಹೇರಿದರೆ ಕಾರು ಜಾರದೆ ಏರುತ್ತದೆ, ನೀರಿಗೆ ಬಿದ್ದರೆ ತೇಲದೆ ಮುಳುಗುತ್ತದೆ. ಆಕ್ಸಿಲರೇಟರಿನ ಮೇಲಿಡುವ ಕಲ್ಲು ಆಮೇಲೆ ಸಿಕ್ಕರೂ ಹಿಂದಿನಿಂದ ಉರುಳಿ ಬಂದದ್ದೆನ್ನುತ್ತಾರೆ. ಒಂದೇ ಹೊರೆಗೆ ಮೂರು ಕೆಲಸ. ಕಲ್ಲುಗಳನ್ನು ಅವನು ತನ್ನದೇ ಮನೆಯ ಗೋಡೆಯಿಂದ ಆರಿಸಿದ. ಅವುಗಳಲ್ಲಿ ಸಾರಿಕಾಳ ಮೇಲೆ ಬಿದ್ದದ್ದು ಯಾವುದೋ ಅವನಿಗೆ ಗೊತ್ತಿರಲಿಲ್ಲ.

ದಿನ, ಎಳ್ಳ ಅಮಾವಾಸ್ಯೆ. ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಜೋಳದ ಕಣಿಕೆಯಿಂದ ಗುಡಿಸಲಿನಂತೆ ಕಟ್ಟಿದ ಕೊಪ್ಪದಲ್ಲಿ ಪಾಂಡವರನ್ನು ಪೂಜಿಸಿ, ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಉಂಡು, ಮೇಲೆ ಹುಳಿ ಅಂಬಲಿ ಕುಡಿದವರು ಸಿಕ್ಕ ಮರದಡಿ ಅಡ್ಡಾಗುತ್ತಾರೆ. ಅಂಬಲಿಯ ನಿದ್ದೆಗಣ್ಣಿನಲ್ಲಿ ಗಾಡಿ ಬಿಟ್ಟ ಎಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಭೂಕಂಪದ ನಂತರ ನಿದ್ದೆ ಬಾರದೆ ಡಾಕ್ಟರು ಬರೆದುಕೊಟ್ಟ ಗುಳಿಗೆಗಳನ್ನು ದಿಗಂಬರ ಇವತ್ತಿಗೂ ನುಂಗುತ್ತಿದ್ದ. ಒಂದು ವಾರ ನುಂಗದೆ ಉಳಿಸಿದ, ಕಣ್ಣು ಮುಚ್ಚದೆ ಬಿದ್ದುಕೊಂಡ.

ಎಲ್ಲ ಅಂದುಕೊಂಡಂತೆಯೇ ನಡೆಯಿತು. ಕಾರನ್ನು ನೆರಳಿಗೆ ನಿಲ್ಲಿಸುತ್ತೇನೆಂದು ಚಾವಿ ಪಡೆದ. ಬಾವಿಯ ಮರೆಯಲ್ಲಿ ಮೊದಲೇ ತಂದಿಟ್ಟಿದ್ದ ಕಲ್ಲುಗಳನ್ನು ಹಿಂದೆ ತುಂಬಿ ಗೋಣಿತಟ್ಟು ಹೊದಿಸಿದ. ಗುಳಿಗೆ ಅರೆದ ಅಂಬಲಿಯ ಮಗಿಯನ್ನು ಅಣ್ಣನ ಕೈಗೆ ತಾನೇ ಕೊಟ್ಟ.

"ಕೆರಿಗಿ ನೀರು ಭಾಳ ಬಂದದ. ನೋಡಿ ಬರಮು ನಡಿ ಅಣ್ಣಾ."

"ನೀ ಕರದರ ಬರಂಗಿಲ್ಲೇನು" ಎಂದು ಬಸವಣ್ಣೆಪ್ಪ ಖುಷಿಯಿಂದಲೇ ಎದ್ದ. ಕಾರಿನ ಹತ್ತಿರ ಬಂದಾಗಲೇ ಅವನ ಕಣ್ಣು ಎಳೆಯುತ್ತಿತ್ತು. ದಿಗಂಬರ ಅವನನ್ನು ಮುಂದಿನ ಸೀಟಿನಲ್ಲಿ, ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಏರಿಯ ಬುಡ ಬರುವಷ್ಟರಲ್ಲಿ ಅಣ್ಣನ ತಲೆ ಅವನ ಹೆಗಲಿಗೆ ಒರಗಿತ್ತು.

"ದಿಗಂಬ್ಯಾ, ಹೊಟ್ಟಿ ತುಂಬ ಉಂಡ್ಯೋ ಇಲ್ಲೋ?" ಅಂದ ಅಣ್ಣ, ಕಣ್ಣು ಮುಚ್ಚಿಕೊಂಡೇ.

"ಉಂಡೆ."

ದಿಗಂಬರ ಅಲ್ಲೇ ಕಾರು ನಿಲ್ಲಿಸಿ ಇಳಿದ. ಅಣ್ಣನನ್ನು ಎಳೆದು ಸ್ಟೀರಿಂಗ್ ಹಿಂದೆ ಕೂರಿಸಿದ. ಗಾಲಿಗಳು ಜಾಡಿನಲ್ಲಿ ಕೂತಿವೆಯೇ ಎಂದು ನೋಡಿದ. ಒಂದನೇ ಗೇರು ಹಾಕಿ, ಆಕ್ಸಿಲರೇಟರಿನ ಮೇಲೆ ಕಲ್ಲಿಟ್ಟು, ಆಮೇಲೆ ಕಿಟಕಿಯಿಂದ ಕೈ ಚಾಚಿ ಚಾವಿ ತಿರುಗಿಸಿದ. ಕಾರು ಒಂದು ಸಲ ಜಿಗಿದು ಏರಿಗೆ ಮುಖ ಮಾಡಿ ಹೊರಟಿತು. ಅರ್ಧ ಏರು ಹತ್ತಿತು. ಅಲ್ಲಿ ನಿಂತಿತು.

ಎಂಜಿನ್ ಒದರುತ್ತಿತ್ತು, ಕಾರು ಮಾತ್ರ ಮಿಸುಕಲಿಲ್ಲ. ದಿಗಂಬರ ಹಿಂದಿನಿಂದ ಹೆಗಲು ಕೊಟ್ಟು ನೂಕಿದ. ಕಲ್ಲು ಕಡಿಮೆಯಾಯಿತೇನೋ ಎಂದುಕೊಂಡು ಹಿಂದಿನ ಬಂಪರಿನ ಮೇಲೆ ತಾನೇ ಹತ್ತಿ ನಿಂತ, ಮೈಯ ಭಾರವನ್ನೆಲ್ಲ ಒತ್ತಿದ. ಎಂಜಿನ್ ಇನ್ನೂ ಜೋರಾಗಿ ಒದರಿತು. ಸುತ್ತಲಿನ ಯಾವ ಹೊಲವೂ ಖಾಲಿ ಇರಲಿಲ್ಲ. ಆ ಸದ್ದಿಗೆ ಮಲಗಿದ್ದವರೆಲ್ಲ ಎದ್ದರು. ಜನ ಓಡಿ ಬರುವುದನ್ನು ಕಂಡು ಅವನು ಕೆಳಗೆ ಜಿಗಿದು, ಕಿಟಕಿಯಿಂದ ಬಗ್ಗಿ ಕಲ್ಲನ್ನು ಪೆಡಲಿನಿಂದ ಪಕ್ಕಕ್ಕೆ ತಳ್ಳಿದ. ಪಕ್ಕದ ಹೊಲದ ರಾಚಯ್ಯ ಮೊದಲು ಮುಟ್ಟಿ ಚಾವಿ ತಿರುಗಿಸಿ ಎಂಜಿನ್ ಬಂದ್ ಮಾಡಿದ. ಅವನ ಹಿಂದೆಯೇ ಅಣ್ಣನ ಹೆಂಡತಿ ಪ್ರಯಾಗಬಾಯಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತೇಕುತ್ತ ಬಂದಳು. ದಿಗಂಬರನ ಮಾತು ತಯಾರಿತ್ತು.

"ನಾ ಬ್ಯಾಡ ಅಂದೆ ವೈನಿ. ನಿದ್ದಿಗಣ್ಣಾಗ ಅಣ್ಣಾನೇ ಗಾಡಿ ಹೊಡೀಲತಿದ್ದ. ಹಿಂದ ಜಗ್ಗಿ ಹಿಡದು ಸಾಕಾಯ್ತು ನನಗ."

"ತಮ್ಮ ಇದ್ದಾ ಅಂತ ಜೀವ ಉಳೀತು" ಅಂದ ರಾಚಯ್ಯ, ಅವನ ಬೆನ್ನು ಸವರಿ. ಅಣ್ಣನನ್ನು ಇಳಿಸಿ ಹುಲ್ಲಿನ ಮೇಲೆ ಮಲಗಿಸಿದರು. ಅವನು ಗೊರಕೆ ಹೊಡೆಯುತ್ತಿದ್ದ. ಎಲ್ಲರೂ ನಂಬಿದರು. ಇನ್ನೊಂದು ದಿನ, ಇನ್ನೊಂದು ಉಪಾಯ ಎಂದುಕೊಂಡ ದಿಗಂಬರ.

ಪ್ರಯಾಗಬಾಯಿ ಮಾತ್ರ ಕಾರಿನ ಹಿಂದೆ ಹೋಗಿ ಗೋಣಿತಟ್ಟು ಎತ್ತಿದಳು. "ಈ ಕಲ್ಲು ಯಾರು ಹೇರ್ಯಾರ?" "ಅಣ್ಣಾನೇ, ಬಾವಿಕಟ್ಟಿಗಿ ಅಂತ" ಅಂದ ದಿಗಂಬರ. ಆಕೆ ತಲೆ ಅಲ್ಲಾಡಿಸಿದಳು. "ಅವರು ಹೇರಂಗಿಲ್ಲ. ಈ ಗಾಡಿಗಿ ಜಗ್ಗೋದು ಮುಂದಿನ ಗಾಲಿ. ಹಿಂದ ವಜ್ಜಿ ಬಿದ್ದರ ಮುಂದ ಹಗುರಾಗಿ, ಏರಿನ್ಯಾಗ ಗಾಲಿ ನಿಂತಲ್ಲೇ ತಿರಗ್ತದಂತ. ಅದಕ್ಕೇ ಅವರು ಹಿಂದ ಒಂದು ಬುಟ್ಟಿ ಸುದ್ದಾ ಇಡಗೊಡಂಗಿಲ್ಲ. ವಜ್ಜಿ ಚೀಲ ಎಲ್ಲಾ ಮುಂದ, ನಾ ಹಿಂದ. ಅವತ್ತ ಸ್ಟ್ಯಾಂಡಿನ್ಯಾಗ ನಿನಗ ಹಿಂದ ಕೂಡಸಿ ಬಂದು, ತಮ್ಮ ಮನಸಿಗಿ ಹಚ್ಕೊಂಡಾನ ಅಂತ ಅವರು ಉಣ್ಣಲೇ ಇಲ್ಲ." ಹೇಳುತ್ತ ಹೇಳುತ್ತ ಆಕೆಯ ದನಿ ನಿಧಾನವಾಯಿತು, ಆಕೆ ಅವನ ಮುಖವನ್ನೇ ನೋಡತೊಡಗಿದಳು. ರಾಚಯ್ಯನ ಕೈ ಅವನ ಬೆನ್ನಿನಿಂದ ಇಳಿದು ರಟ್ಟೆಯನ್ನು ಹಿಡಿಯಿತು. ದಿಗಂಬರ ಕಾರಿನತ್ತ ನೋಡಿದ. ಮುಂದಿನ ಎರಡು ಗಾಲಿಗಳು ಮಣ್ಣು ತೋಡಿಕೊಂಡು ಅರ್ಧ ಹೂತಿದ್ದವು. ಹಿಂದಿನ ಗಾಲಿಗಳ ಕೆಳಗೆ ಹುಲ್ಲು ಕೂಡ ಕಿತ್ತಿರಲಿಲ್ಲ.