ದೊರೆಗೆ ಬಾರದ ತೇಗು

ಬಹಳ ಹಿಂದೆ ತುಂಬೆನಾಡಿನಲ್ಲಿ ಒಂದು ಮಧ್ಯಾಹ್ನ ಘೋರ ಸಂಗತಿ ನಡೆಯಿತು. ಊಟ ಮುಗಿಸಿದ ದೊರೆ ಪುಷ್ಪಮಲ್ಲನಿಗೆ ತೇಗು ಬರಲಿಲ್ಲ. ಮಂತ್ರಿಗಳು ತಲೆಯ ಮೇಲೆ ಕೈಹೊತ್ತರು. ಸೇನಾಪತಿ ಕತ್ತಿ ಹಿರಿದ. ಯಾರ ಮೇಲೆಂದು ತಿಳಿಯದೆ ಮತ್ತೆ ಒರೆಗೆ ಸೇರಿಸಿದ.

ಆ ನಾಡಿನ ಕಟ್ಟಳೆಯೇ ಹಾಗಿತ್ತು. ದೊರೆ ತೇಗಿದರೆ ನಗಾರಿ, ನಗಾರಿಯಾದರೆ ಊರಿಗೆ ಊಟ. ಮೊದಲೇ ಉಣ್ಣಲು ಕೂತವರ ಎಲೆಯಲ್ಲಿ ಅನ್ನ ಕಲ್ಲಾಗುತ್ತಿತ್ತು. ಮರುದಿನವೂ ತೇಗು ಬರಲಿಲ್ಲ. ರಾಜವೈದ್ಯೆ ಮಾಚಲೆಯ ಪುಟ್ಟ ಮಗಳು ಜಕ್ಕಿ ಹಸಿದು ಹಸಿದು ಅಳುವುದನ್ನೂ ನಿಲ್ಲಿಸಿದಳು.

ಮಾಚಲೆ ದೊರೆಯ ನಾಡಿ ಹಿಡಿದಳು. "ಒಡೆಯಾ, ನಿಮ್ಮ ಜಠರಾಗ್ನಿಯನ್ನು ಮಾಂತ್ರಿಕ ಕರಿಗಂಟ ಕದ್ದಿದ್ದಾನೆ. ಕಿಡಿಯಷ್ಟೇ ಉಳಿದಿದೆ. ಶುಂಠಿ, ಮೆಣಸು, ಹಿಪ್ಪಲಿ ಕೊಟ್ಟರೆ ಹೊತ್ತಿಕೊಂಡೀತು. ಅವೂ ಈಗ ಅವನ ಗುಡ್ಡದಲ್ಲಷ್ಟೇ ಇವೆ."

"ಮತ್ತೇಕೆ ನಿಂತಿದ್ದೀಯಮ್ಮ?" ಎಂದ ದೊರೆ.

ಮಾಚಲೆ ಕರಿಗಂಟನ ಗುಡ್ಡ ಹತ್ತಿದಳು. ಶುಂಠಿಯ ಪಾತಿಯಲ್ಲಿ ಆನೆ ನುಂಗಿದ ಹೆಬ್ಬಾವು ನರಳುತ್ತಿತ್ತು. ಮಾಚಲೆ ಶುಂಠಿ ಕಷಾಯ ಕುಡಿಸಿದಳು. ಆನೆ ಕರಗಿತು.

"ಹಾಯೆನಿಸಿತು ತಾಯಿ. ಈಗ ಹಸಿವಾಗುತ್ತಿದೆ," ಎಂದು ಹಾವು ಅವಳನ್ನೇ ನೋಡಿತು.

ಮದ್ದು ಫಲಿಸಿದ್ದಕ್ಕೆ ಹಿಗ್ಗಲು ಸಮಯವಿರಲಿಲ್ಲ. ಶುಂಠಿ ಕಿತ್ತುಕೊಂಡು ಓಡಿದಳು.

ಮೆಣಸಿನ ಬಳ್ಳಿಯಡಿ ಕಾಡುಕೋಣ ತಿಂದ ಹುಲಿ ಹೊಟ್ಟೆಯುಬ್ಬಿ ಬಿದ್ದಿತ್ತು. ಈ ಸಲ ಮೆಣಸನ್ನು ಜೇನಿನಲ್ಲಿ ಕಲಸಿ ಬಂಡೆಯ ಮೇಲಿಟ್ಟು, ಮರ ಹತ್ತಿ, ಆಮೇಲೆ ಹುಲಿಯನ್ನು ಕರೆದಳು. ಹುಲಿ ನೆಕ್ಕಿತು, ವಂದಿಸಿತು, ಮರದ ಬುಡದಲ್ಲೇ ಕೂತಿತು. ಹೊತ್ತು ಜಾರುತ್ತಿತ್ತು. ಊರಲ್ಲಿ ಜಕ್ಕಿ ಕಣ್ಣು ಮುಚ್ಚಿರಬಹುದೆ? ಹಸಿವು ತಡೆಯದೆ ಹುಲಿ ಬೇರೆ ಬೇಟೆಗೆ ಎದ್ದಾಗ ಮಾಚಲೆ ಮರಗಟ್ಟಿದ ಕೈಕಾಲಲ್ಲೇ ಇಳಿದು ಮೆಣಸು ಕಿತ್ತುಕೊಂಡಳು.

ಹಿಪ್ಪಲಿಯ ಬಳಿ ಕರಿಗಂಟನೇ ಕೂತಿದ್ದ. ಒಂದೇ ಹೊಟ್ಟೆಯಲ್ಲಿ ಎರಡು ಅಗ್ನಿ; ಮೂಗಿನಿಂದ ಹೊಗೆ.

"ಏನು ವೈದ್ಯಮ್ಮ, ಹಸಿದ ಊರು ನನ್ನ ಕಾಲಿಗೆ ಬೀಳುತ್ತಂತಾ?"

"ಇನ್ನೂ ಇಲ್ಲ."

"ಬೀಳುತ್ತೆ ಬಿಡು. ಮೊದಲು ನನ್ನ ಎದೆಯುರಿಗೆ ಏನಾದರೂ ಹೇಳು."

ಕೈಚಾಚಿ ಕೇಳಿದವನಿಗೆ, ವೈರಿಯಾದರೂ, ತಪ್ಪು ಮದ್ದು ಹೇಳುವಂತಿಲ್ಲ. ಅದು ಅವಳ ಮನೆತನದ ಆಣೆ. "ಮಜ್ಜಿಗೆ ಕುಡಿ. ಹಿಪ್ಪಲಿ ಮಾತ್ರ ಮುಟ್ಟಬೇಡ, ಉರಿ ಹೆಚ್ಚುತ್ತದೆ."

ಕರಿಗಂಟ ಗಹಗಹಿಸಿದ. "ದೊರೆಗೆ ಉಳಿಸೋಕೆ ಈ ನಾಟಕವಾ? ನನ್ನ ಹತ್ತಿರವೇ?" ಬಳ್ಳಿಯಲ್ಲಿದ್ದ ಹಿಪ್ಪಲಿಯನ್ನೆಲ್ಲ ಕಿತ್ತು ಬಾಯಿಗೆ ತುಂಬಿಕೊಂಡ. ಒಂದೂ ಉಳಿಯಲಿಲ್ಲ.

ಕರಿಗಂಟ ಕೆಂಪಾದ, ಉಬ್ಬಿದ, ಬಾಯಿ ತೆರೆದ. ಎರಡು ಜ್ವಾಲೆಗಳು ಹೊರನುಗ್ಗಿದವು. ಒಂದು ಅರಮನೆಯತ್ತ ಹಾರಿತು. ಇನ್ನೊಂದು ಅವನ ಗಡ್ಡ ಹಿಡಿದು, ಮಂತ್ರದಂಡ ಹಿಡಿದು, ಅವನನ್ನೇ ಬೂದಿ ಮಾಡಿತು.

ಮಾಚಲೆ ಅರಮನೆಗೆ ಓಡಿಬಂದಾಗ ಅಗ್ನಿ ದೊರೆಯ ಹೊಟ್ಟೆ ಸೇರಿತ್ತು, ತೇಗು ಮಾತ್ರ ಗಂಟಲಲ್ಲೇ ನಿಂತಿತ್ತು. ಇದ್ದ ಶುಂಠಿ, ಮೆಣಸನ್ನೇ ಕುಟ್ಟಿ ಬಿಸಿನೀರಿನಲ್ಲಿ ಕೊಟ್ಟಳು. ಸಭೆ ಉಸಿರು ಹಿಡಿಯಿತು. ದೊರೆ ಹುಬ್ಬು ಗಂಟಿಕ್ಕಿದ. ಎದೆ ನೀವಿಕೊಂಡ.

ತೇಗಿದ.

ನಗಾರಿ ಮೊಳಗಿತು. ಊರೆಲ್ಲ ಉಂಡು ಸುಖವಾಗಿತ್ತು. ಜಕ್ಕಿ ಎರಡು ಸಲ ಅನ್ನ ಹಾಕಿಸಿಕೊಂಡಳು.