ಮುಟ್ಟಿದರೆ ಕೊಯ್ಯುವ ಬೆಟ್ಟ

"ಅಯ್ಯಪ್ಪಾ!" ಎಂದು ಮುದ್ರಣಾಲಯದ ಯಜಮಾನರು ಕೈ ಕೊಡವಿದಾಗ ಮುಖಪುಟದ ಮೇಲೆ ಮೂರು ಹನಿ ರಕ್ತ ಬಿತ್ತು.

ಪ್ರವಾಸದ ಫೋಟೋಗಳ ಪುಸ್ತಕಕ್ಕೆ ಚುಕ್ಕಿ ತಿಂಗಳುಗಟ್ಟಲೆ ಕೂತು ಮಾಡಿದ ಮುಖಪುಟ ಅದು. ಪಟ್ಟಿ ಎಳೆದರೆ ಸೂರ್ಯ ಮೇಲೇರಬೇಕು. ಬೆರಳಾಡಿಸಿದರೆ ಉಬ್ಬಿದ ಬೆಟ್ಟ, ಅದಕ್ಕಂಟಿದ ನಿಜವಾದ ಮರಳು ಸಿಗಬೇಕು. ಇದ್ದದ್ದು ಒಂದೇ ಮಾದರಿ. ಈಗ ಆ ಬೆಟ್ಟದ ನೆತ್ತಿಯ ಮರಳಿನೊಳಗಿಂದ ಬ್ಲೇಡಿನ ಚೂರೊಂದು ತಲೆ ಎತ್ತಿತ್ತು.

"ನಾಲ್ಕು ಗಂಟೆಗೆ ಈ ಫೋಟೋಗ್ರಾಫರ್ ತಂದೆ ಬರ್ತಾರೆ. ಒಂದು ಕಾಲದಲ್ಲಿ ಕ್ಯಾಮೆರಾ ಹಿಡಿದು ಊರೂರು ಸುತ್ತಿದೋರು, ಈಗ ಬೆರಳೇ ಅವರ ಕಣ್ಣು. ನನ್ನ ಬದಲು ಅವರು ಮುಟ್ಟಿದ್ದಿದ್ರೆ?" ಯಜಮಾನರು ಗುಡುಗಿದರು. "ನಾನು ನಿನ್ನ ದೊಡ್ಡಪ್ಪ ಅಂತ ಮುಲಾಜು ನೋಡಲ್ಲ ಚುಕ್ಕಿ. ಸಂಜೆಯೊಳಗೆ ಇದು ಯಾರ ಕೆಲಸ ಅಂತ ಗೊತ್ತಾಗದಿದ್ರೆ ನೀನು ಬೇರೆ ಕೆಲಸ ಹುಡುಕ್ಕೋ."

ಪುಸ್ತಕದ ಫೋಟೋಗ್ರಾಫರ್ ಪಕ್ಕದಲ್ಲೇ ನಿಂತಿದ್ದ. ಕಂಕುಳಲ್ಲಿ ಫೋಟೋ ಅಂಟಿಸಿದ ಆಲ್ಬಮ್, ಅಂಗಿಯ ಜೇಬಿನಲ್ಲಿ ಗೋಂದಿನ ಹಳದಿ ಟ್ಯೂಬು. ಅವನು ಹಣೆಯ ಬೆವರೊರೆಸಿಕೊಂಡ. "ಪಾಪ, ಬೇಕಂತ ಮಾಡಿರಲ್ಲ ಬಿಡಿ. ಸಾದಾ ಮುಖಪುಟವೇ ಸಾಕು. ಇದನ್ನ ಎಸೆದುಬಿಡಿ."

ಕಾಗದ ಕತ್ತರಿಸುವ ಬ್ಲೇಡಿನ ಮೊಂಡು ತುದಿಗಳನ್ನು ದಿನಕ್ಕೆ ಹತ್ತು ಸಲ ಮುರಿದು ಡಬ್ಬಿಗೆ ಹಾಕುವವಳು ಚುಕ್ಕಿಯೇ. ತನ್ನದೇ ಕೈತಪ್ಪೇನೋ! ಮುಖಪುಟವನ್ನು ತಟ್ಟೆಯಲ್ಲಿಟ್ಟುಕೊಂಡು ಅವಳು ಅಟ್ಟದ ಕೋಣೆಗೆ ಓಡಿದಳು.

ಅಲ್ಲಿದ್ದವರು ಕರಡಜ್ಜಿ. ಈ ಮುದ್ರಣಾಲಯದಲ್ಲಿ ನಲವತ್ತು ವರ್ಷ ಕರಡು ತಿದ್ದಿ, ನಿವೃತ್ತಿಯಾದ ಮೇಲೂ ಅಲ್ಲೇ ಠಿಕಾಣಿ ಹೂಡಿದವರು. ಅಲ್ಲಿ ಏನೇ ಕಳೆದರೂ, ಯಾರೇ ಕದ್ದರೂ ಅವರ ಭೂತಗನ್ನಡಿಯಿಂದ ತಪ್ಪಿಸಿಕೊಂಡದ್ದಿಲ್ಲ.

"ಅಳೋದು ಆಮೇಲೆ. ಮರಳು ಅಂಟಿಸಿದ್ದು ಯಾವುದರಿಂದ?"

"ಬಿಳಿ ಗೋಂದಿನಿಂದ ಅಜ್ಜಿ. ಬೇರೆಯದು ಮರಳನ್ನ ಹಳದಿ ಮಾಡುತ್ತೆ."

ಅಜ್ಜಿ ಚಿಮುಟದಿಂದ ಚೂರನ್ನು ಎಳೆದರು. ಅದರ ಹಿಂದೆಯೇ ಹಳದಿ ಎಳೆಯೊಂದು ಹಿಗ್ಗುತ್ತಾ ಬಂತು. ಮೂಸಿ ಮುಖ ಕಿವುಚಿದರು.

"ನಿನ್ನೆ ಕೊನೆಗೆ ಇದರ ಹತ್ತಿರ ಇದ್ದದ್ದು ಯಾರು?"

"ಫೋಟೋಗ್ರಾಫರ್. ಹತ್ತು ನಿಮಿಷ ಒಬ್ಬರೇ ಕೂತಿದ್ರು. ಆಮೇಲೆ ನಾನು ಬೀಗ ಹಾಕಿ ಕೀಲಿಕೈ ದೊಡ್ಡಪ್ಪನಿಗೆ ಕೊಟ್ಟೆ."

"ಬೆಟ್ಟದ ಗೆರೆ ಎಲ್ಲಿಂದ ತೆಗೆದೆ?"

ಚುಕ್ಕಿ ಫೋಟೋ ಕೊಟ್ಟಳು. "ಹೋದ ವರ್ಷ ತಾನೇ ತೆಗೆದದ್ದು ಅಂತ ಫೋಟೋಗ್ರಾಫರ್ ಕೊಟ್ರು." ಫೋಟೋ ಬಿಸಿಲಿಗೆ ಮಾಸಿತ್ತು. ನಾಲ್ಕು ಮೂಲೆಗಳಲ್ಲಿ ಮಾತ್ರ ತ್ರಿಕೋನದಷ್ಟು ಜಾಗದ ಬಣ್ಣ ಹಾಗೇ ಉಳಿದಿತ್ತು.

"ಬಲಗಡೆ ಇಳಿಜಾರಿನ ಮರ ಬಿಟ್ಟಿದ್ದೀಯಲ್ಲೇ?"

"ತೀರಾ ಚಿಕ್ಕದು ಅಜ್ಜಿ, ಉಬ್ಬಿಸೋಕಾಗಲ್ಲ."

"ಒಳ್ಳೇದೇ ಆಯ್ತು," ಎಂದರು ಅಜ್ಜಿ.

ನಾಲ್ಕಕ್ಕೆ ಎಲ್ಲರೂ ಚುಕ್ಕಿಯ ಮೇಜಿನ ಸುತ್ತ ಸೇರಿದರು. ತಂದೆ ಮುಖಪುಟದತ್ತ ಕೈ ಚಾಚುತ್ತಲೇ ಫೋಟೋಗ್ರಾಫರ್ ಚೀರಿದ. "ಬೇಡಪ್ಪಾ, ಮುಟ್ಟಬೇಡ!"

"ಚೂರು ತೆಗೆದಾಗಿದೆ," ಎಂದು ಅಜ್ಜಿ ತಮ್ಮದೇ ಬೆರಳನ್ನು ಬೆಟ್ಟದುದ್ದಕ್ಕೂ ಎಳೆದರು. ಇನ್ನೊಂದು ಚೂರಿದ್ದರೆ? ಬೆರಳಿಗೆ ಏನೂ ಆಗಲಿಲ್ಲ.

"ಚೂರು ಚುಕ್ಕಿಯ ಡಬ್ಬಿಯದೇ. ಆದ್ರೆ ಅಂಟಿಸಿದ್ದು ರಬ್ಬರ್ ಗೋಂದಿನಿಂದ. ಅದು ಇವಳ ಹತ್ತಿರ ಇಲ್ಲ, ಯಜಮಾನರ ಹತ್ತಿರವೂ ಇಲ್ಲ. ಇರೋದು ಆ ಜೇಬಲ್ಲಿ." ಅಜ್ಜಿ ಫೋಟೋಗ್ರಾಫರನ ಕಡೆ ತಿರುಗಿದರು. "ಇನ್ನು ಆ ಫೋಟೋ. ಫೋಟೋ ಸಿಕ್ಕಿಸೋ ಮೂಲೆಪಟ್ಟಿಯಡಿ ಬಿಟ್ಟು ಉಳಿದದ್ದೆಲ್ಲ ಹೀಗೆ ಮಾಸೋಕೆ ಒಂದು ವರ್ಷ ಸಾಲಲ್ಲ, ಇಪ್ಪತ್ತಾದ್ರೂ ಬೇಕು. ಆಗ ನೀನಿನ್ನೂ ಚಡ್ಡಿ ಹಾಕ್ತಿದ್ದೆ. ನಿಮ್ಮನೇಲಿ ಕ್ಯಾಮೆರಾ ಹಿಡೀತಿದ್ದೋರು ಯಾರಪ್ಪಾ?"

ಫೋಟೋಗ್ರಾಫರ್ ಆಲ್ಬಮನ್ನು ಎದೆಗೆ ಅವುಚಿಕೊಂಡ.

"ಸಾದಾ ಮುಖಪುಟ ಆಗಿದ್ರೆ ತಮ್ಮ ಫೋಟೋಗೆ ನಿನ್ನ ಹೆಸರು ಹಾಕಿದ್ದು ನಿಮ್ಮಪ್ಪನಿಗೆ ಗೊತ್ತಾಗ್ತಿರಲಿಲ್ಲ. ಇವಳು ಬೆಟ್ಟಾನ ಬೆರಳಿಗೆ ಸಿಗೋ ಹಾಗೆ ಮಾಡಿದ್ಲು. ಅಲ್ಲಿ ಹೆದರಿದೆ ನೀನು."

ತಂದೆಯ ಬೆರಳು ಆಗಲೇ ಬೆಟ್ಟ ಹತ್ತಿಯಾಗಿತ್ತು. ಎರಡು ಶಿಖರಗಳ ನಡುವೆ ಅದು ನಿಂತುಬಿಟ್ಟಿತು. "ಇಲ್ಲಿಗೆ ಬಿಸಿಲು ಬೀಳಲಿ ಅಂತ ಮೂರು ದಿನ ಕಾದಿದ್ದೆ," ಎಂದರು. ಬೆರಳು ಬಲಕ್ಕೆ ಇಳಿದು, ಬರೀ ಮರಳಿನಲ್ಲಿ ತಡಕಾಡಿತು. "ಇಲ್ಲೊಂದು ಮರ ಇತ್ತಲ್ಲ?"

ಯಾರೂ ಅವರಿಗೆ ಮರದ ಮಾತೇ ಹೇಳಿರಲಿಲ್ಲ.

ಮಗ ಕುಸಿದು ಕೂತ. "ನಿನಗೆ ಗಾಯ ಆಗಲಿ ಅಂತಲ್ಲಪ್ಪ. ಬೆಳಿಗ್ಗೆ ಇಲ್ಲಿ ಯಾರಿಗಾದ್ರೂ ಗೀರಿದ್ರೆ ಈ ಮುಖಪುಟ ನಿಂತುಹೋಗುತ್ತೆ ಅಂತ..."

"ಯಾರಿಗಾದ್ರೂ," ಎಂದರು ತಂದೆ. "ಕಣ್ಣು ಹೋದ ದಿನ ಆ ಫೋಟೋಗಳ ಪೆಟ್ಟಿಗೆ ನಿನ್ನ ಕೈಗೆ ಕೊಟ್ಟವನು ನಾನೇ. ಕೇಳಿದ್ದಿದ್ರೆ ಹೆಸರನ್ನೂ ಕೊಡ್ತಿದ್ದೆನಲ್ಲೋ."

ಯಜಮಾನರು ಬಟ್ಟೆ ಸುತ್ತಿದ ಬೆರಳನ್ನು ನೋಡಿಕೊಂಡರು. "ಚುಕ್ಕಿ, ತಪ್ಪಾಯ್ತಮ್ಮ. ಮುಖಪುಟದ ಮೇಲಿನ ಹೆಸರು ಬದಲಾಯಿಸು."

"ಆ ಮರಾನೂ ಸೇರಿಸಮ್ಮ," ಎಂದರು ತಂದೆ. "ಎಷ್ಟು ಚಿಕ್ಕದಾದ್ರೂ ಸರಿ, ನಾನು ಹುಡುಕ್ಕೋತೀನಿ."

ಚುಕ್ಕಿ ಹೊಸ ತುದಿಗಾಗಿ ಬ್ಲೇಡನ್ನು ಟಕ್ಕೆಂದು ಮುರಿದಳು. ಆ ಸದ್ದಿಗೆ ಎಲ್ಲರೂ ಬೆಚ್ಚಿದರು. ತಂದೆ ಮಾತ್ರ ಕೈ ಹಿಂದೆಗೆಯಲಿಲ್ಲ. ಮರ ಎಲ್ಲಿ ಬರಬೇಕೆಂದು ಅವಳಿಗೆ ತೋರಿಸಲು ಬೆರಳನ್ನು ಅಲ್ಲೇ ಒತ್ತಿ ಹಿಡಿದಿದ್ದರು.